ಬಾಗಿಲು ಮುಚ್ಚಿದ ಶೆಡ್ಡು, ಕಣ್ಣಿಗೆ ಕಾಣದ ಧೂಳು

ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿ ಊರು ಬೂದು ಗ್ರಾನೈಟ್‌ಗೆ ಹೆಸರುವಾಸಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡ್ ಮತ್ತು ಇಟಲಿಯ ಕಲ್ಲುಕುಟಿಗರು ಇಲ್ಲಿಗೆ ಬಂದು ನೆಲೆಸಿದರು. ಆಗಿನ ಶೆಡ್ಡುಗಳಿಗೆ ಒಂದು ಬದಿ ಗೋಡೆಯಿರಲಿಲ್ಲ. ಉಳಿ, ಸುತ್ತಿಗೆಯ ಧೂಳು ಗಾಳಿಗೆ ಹಾರಿಹೋಗುತ್ತಿತ್ತು.

1900ರ ಆಸುಪಾಸಿನಲ್ಲಿ ಗಾಳಿಯ ಒತ್ತಡದಿಂದ ಓಡುವ ಉಳಿಗಳು ಬಳಕೆಗೆ ಬಂದವು. ಕೆಲಸ ಚುರುಕಾಯಿತು. ಹಿಮ ಸುರಿಯುವ ತಿಂಗಳುಗಳಲ್ಲೂ ಕೆತ್ತನೆ ನಿಲ್ಲದಂತೆ ಶೆಡ್ಡುಗಳನ್ನು ಮುಚ್ಚಿ ಕಟ್ಟಿದರು. ಅನಾಹುತ ಆದದ್ದು ಇಲ್ಲೇ. ಯಂತ್ರದ ಉಳಿ ಕಲ್ಲನ್ನು ಕೈ ಉಳಿಗಿಂತ ನುಣ್ಣಗೆ ಪುಡಿಮಾಡುತ್ತದೆ, ಗ್ರಾನೈಟ್‌ನ ಸುಮಾರು ಕಾಲು ಭಾಗ ಹರಳುರೂಪದ ಸಿಲಿಕಾ. ದಪ್ಪ ಕಣಗಳನ್ನು ಮೂಗು ತಡೆಯುತ್ತದೆ. ಕಾಣದಷ್ಟು ಸಣ್ಣವು ಶ್ವಾಸಕೋಶದ ತಳಕ್ಕಿಳಿದು ಗಾಯ ಮಾಡುತ್ತವೆ. ಹೀಗೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಇದರ ಬೆನ್ನಿಗೆ ಕ್ಷಯವೂ ಬರುತ್ತಿತ್ತು. ಊರಿನ ಹೋಪ್ ಸ್ಮಶಾನದಲ್ಲಿ, 1937ರಲ್ಲಿ ಇದೇ ರೋಗಕ್ಕೆ ಬಲಿಯಾದ ಶಿಲ್ಪಿ ಲೂಯಿ ಬ್ರೂಸಾ ಅವರ ಸ್ಮಾರಕವಿದೆ: ಹೆಂಡತಿಯ ತೋಳಿನಲ್ಲಿ ಕುಸಿದ ಕಲ್ಲುಕುಟಿಗನ ಶಿಲ್ಪ.

1930ರ ದಶಕದ ಕೊನೆಯಲ್ಲಿ ಪ್ರತಿ ಉಳಿಯ ಪಕ್ಕಕ್ಕೂ ಧೂಳು ಹೀರುವ ಕೊಳವೆ ಇಡಲು ಶುರುಮಾಡಿದರು. ಅನಂತರ ಕೆಲಸಕ್ಕೆ ಸೇರಿದವರಲ್ಲಿ ಈ ರೋಗ ಬಹಳ ಅಪರೂಪವಾಯಿತು. ಇಷ್ಟು ಸರಳವಾದ ಉಪಾಯ ಇಷ್ಟು ತಡವಾಗಿ ಬಂದದ್ದು ಅನ್ಯಾಯ.

ಇಂದಿಗೂ ಕಲ್ಲಿನ ಕೆಲಸಕ್ಕೆ ಕಟಿಂಗ್ ಮೆಷಿನ್, ಗ್ರೈಂಡರ್ ಹಿಡಿಯುವವರು ನಿಮ್ಮ ಮನೆಯಲ್ಲಿದ್ದರೆ ಹೇಳಿ: ಮೂಗಿಗೆ ಕಟ್ಟಿದ ಬಟ್ಟೆ ಈ ಧೂಳನ್ನು ತಡೆಯುವುದಿಲ್ಲ. ಬ್ಲೇಡಿಗೆ ನೀರು ಹರಿಸಿ, ಧೂಳು ಏಳುವ ಜಾಗದಲ್ಲೇ ಅದನ್ನು ಹೀರಿಸಿ.