ಕೃಷ್ಣದೇವರಾಯನ ಕೆರೆಯೂ ಗೋವೆಯ ಕಲ್ಲುಕುಟಿಗನೂ

ಹೊಸಪೇಟೆಯ ನೈಋತ್ಯಕ್ಕೆ, ಸೊಂಡೂರಿನ ಬೆಟ್ಟಗಳ ಬಾಗಿಲಲ್ಲಿ, ಬತ್ತಿಹೋದ ಒಂದು ದೊಡ್ಡ ಕೆರೆಯಿದ್ದುದನ್ನೂ, ಅದರ ಏರಿಯ ಮೇಲೆಯೇ ದಕ್ಷಿಣದ ತಾಲ್ಲೂಕುಗಳಿಗೆ ಹೆದ್ದಾರಿಯು ಸಾಗುತ್ತಿದ್ದುದನ್ನೂ ರಾಬರ್ಟ್ ಸಿವೆಲ್ಲನು 1900ರಲ್ಲಿ ಪ್ರಕಟಿಸಿದ ತನ್ನ ವಿಜಯನಗರ ಚರಿತ್ರೆಯಲ್ಲಿ ಬರೆದಿದ್ದಾನೆ. ಆ ದಕ್ಷಿಣದ ಸೀಮೆಯೆಂದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೇ. ನಮ್ಮ ಹಿರಿಯರು ಹೊಸಪೇಟೆಯ ಸಂತೆಗೆ ಬಂಡಿ ಹೊಡೆದುಕೊಂಡು ಹೋಗುತ್ತಿದ್ದ ಆ ಏರಿಯು ಕೃಷ್ಣದೇವರಾಯನು ಕಟ್ಟಿಸಿದುದೆಂದು ಸಿವೆಲ್ಲನ ಅಭಿಪ್ರಾಯ. ಪರದೇಶದ ಕುಶಲಿಯೊಬ್ಬನನ್ನು ಕೆಲಸಕ್ಕೆ ಕರೆಯಿಸಿಕೊಳ್ಳಬೇಕಾದರೆ ಒಡೆಯನು ಯಾರ ಅಪ್ಪಣೆಯನ್ನು ಬೇಡಬೇಕಾಗುತ್ತಿತ್ತೆಂಬುದನ್ನು ಈ ಕೆರೆಯ ಕಥೆಯು ತಿಳಿಸುತ್ತದೆ.

ಕೃಷ್ಣದೇವರಾಯನಿಗಿಂತ ಸುಮಾರು ಎಂಬತ್ತು ವರ್ಷ ಹಿಂದೆ ಇಮ್ಮಡಿ ದೇವರಾಯನಿಗೆ ಇಂತಹ ಅಪ್ಪಣೆ ಬೇಕಾಗಿರಲಿಲ್ಲ. ಬಹಮನಿಯರ ಬಿಲ್ಲುಗಾರರೂ ಕುದುರೆಗಳೂ ಮೇಲಾದುವೆಂದು ಸಭೆಯಲ್ಲಿ ತಿಳಿದ ಬಳಿಕ, ಆತನು ಮುಸಲ್ಮಾನ ಯೋಧರನ್ನು ದಂಡಿಗೆ ಸೇರಿಸಿಕೊಂಡು, ಜಹಗೀರು ಕೊಟ್ಟು, ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿ, ತನ್ನ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನೆಂದು ಫಿರಿಸ್ತನು ಹೇಳುತ್ತಾನೆ. ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನ 1439ರ ಶಾಸನವು ಹಂಪೆಯಲ್ಲಿದೆ. ಬರುವವರು ತಾವಾಗಿ ಬರುತ್ತಿದ್ದರು. ಅರಸನು ಒಪ್ಪಿದರೆ ಸಾಕಾಗಿತ್ತು.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಕಾಲವು ಬದಲಾಯಿತು. ಕುದುರೆಯಂತೆ ಕುಶಲಿಯೂ ಗೋವೆಯ ಗವರ್ನರನ ಕೈಯೊಳಗಿನ ವಸ್ತುವಾದನು. ಕೃಷ್ಣದೇವರಾಯನು ಎರಡು ಎತ್ತರವಾದ ಬೆಟ್ಟಗಳ ನಡುವೆ ಕೆರೆ ಕಟ್ಟಿಸಲು ಬಯಸಿ, ಕಲ್ಲುಕೆಲಸದವರನ್ನು ಕಳುಹಿಸಿಕೊಡಬೇಕೆಂದು ಗವರ್ನರನಿಗೆ ಹೇಳಿಕಳುಹಿಸಿದನು. ಗವರ್ನರನು ಜೋವಾಂವ್ ದೆ ಲಾ ಪೋಂತೆ ಎಂಬ ನಿಪುಣನನ್ನು ಕಳುಹಿಸಿದನು. ಇದನ್ನು ಬರೆದವನು ಸುಮಾರು 1535ರಲ್ಲಿ ವಿಜಯನಗರದಲ್ಲಿದ್ದ ಕುದುರೆಯ ವ್ಯಾಪಾರಿ ನೂನಿಜನು.

ಈ ಕೆಲಸವನ್ನು ಮಾಡಬಲ್ಲವರು ನಾಡಿನಲ್ಲಿ ಇರಲಿಲ್ಲವೆಂದು ನೂನಿಜನು ಹೇಳುವ ಮಾತನ್ನು ಹಾಗೆಯೇ ನಂಬಲಾಗದು. ಬುಕ್ಕರಾಯನ ಮಗ ಭಾಸ್ಕರನು ಕಡಪೆಯ ಸೀಮೆಯಲ್ಲಿ ಕಟ್ಟಿಸಿದ ಪೋರುಮಾಮಿಳ್ಳ ಕೆರೆಯ 1369ರ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸಿ ಹೇಳುತ್ತದೆ. ಜಲಶಾಸ್ತ್ರವನ್ನು ಬಲ್ಲವನು ಅವುಗಳಲ್ಲೊಂದು. ದೆ ಲಾ ಪೋಂತೆಯು ಸುಣ್ಣವನ್ನು ಸಿದ್ಧಪಡಿಸಬೇಕೆಂದಾಗ ರಾಯನು ಬಹಳವಾಗಿ ನಕ್ಕನಂತೆ. ಈ ನಾಡಿನವರಿಗೆ ಮನೆ ಕಟ್ಟುವಾಗ ಸುಣ್ಣದ ಬಳಕೆ ತಿಳಿಯದೆಂದು ನೂನಿಜನು ಕಾರಣ ಕೊಡುತ್ತಾನೆ. ಹಜಾರ ರಾಮನ ಗುಡಿಯ ಇಟ್ಟಿಗೆಯ ಶಿಖರವನ್ನೂ ಹಂಪೆಯ ಗಾರೆಯ ಕುಸುರಿಯನ್ನೂ ಕಂಡವರು ಈ ಮಾತಿಗೆ ನಗದಿರಲಾರರು. ರಾಯನು ಸುಣ್ಣವನ್ನು ಅರಿಯದೆ ನಗಲಿಲ್ಲ. ಕೆರೆಯ ಏರಿಗೆ ಸುಣ್ಣವನ್ನು ಬೇಡಿದುದಕ್ಕೆ ನಕ್ಕಿರಬೇಕೆಂದು ನನಗೆ ತೋರುತ್ತದೆ.

ಆದರೂ ಕೆಲಸವು ಸುಲಭವಾಗಿರಲಿಲ್ಲ. ಬಂದ ಕುಶಲಿಯೂ ಇದು ಅಸಾಧ್ಯವೆಂದೇ ಮೊದಲು ಎಣಿಸಿದನು. ಕಣಿವೆಗೆ ಕೆಡಹಿದ ಹೆಬ್ಬಂಡೆಗಳು ಒಡೆದುಹೋದುವು. ಹಗಲು ಕಟ್ಟಿದುದು ಇರುಳು ಹಾಳಾಗುತ್ತಿತ್ತು. ಅದೇ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡ ಪಾಯಸನು ಏರಿಯು ಎರಡು ಮೂರು ಸಲ ಒಡೆಯಿತೆಂದೂ, ಹದಿನೈದು ಇಪ್ಪತ್ತು ಸಾವಿರ ಆಳುಗಳು ದುಡಿಯುತ್ತಿದ್ದರೆಂದೂ, ರಾಯನು ಕೆಲಸವನ್ನು ನಾಯಕರಿಗೆ ಹಂಚಿಕೊಟ್ಟಿದ್ದನೆಂದೂ ಬರೆದಿದ್ದಾನೆ. ಕಡೆಗೆ ಬಲ್ಲವರನ್ನು ಕೇಳಲು, ದೇವತೆಯು ನೆತ್ತರನ್ನು ಬಯಸುವಳೆಂಬ ಉತ್ತರ ಬಂದಿತು. ಮರಣದಂಡನೆಗೆ ಗುರಿಯಾದ ಸೆರೆಯಾಳುಗಳನ್ನು ಅಲ್ಲಿ ಕೊಲ್ಲಿಸಿದರು. ಅವರ ಸಂಖ್ಯೆ ಅರುವತ್ತೆಂದು ಪಾಯಸನ ಲೆಕ್ಕ. ಕುದುರೆ, ಕೋಣಗಳನ್ನೂ ಬಲಿಯಿತ್ತರು.

ಕೆರೆ ತುಂಬಿದ ಮೇಲೆ ಫಲವು ಕಡಿಮೆಯಾಗಲಿಲ್ಲ. ಹೊಲಗಳನ್ನು ತಿದ್ದಿಕೊಳ್ಳಲೆಂದು ರಾಯನು ಒಂಬತ್ತು ವರ್ಷ ಭೂಮಿಯನ್ನು ಕಂದಾಯವಿಲ್ಲದೆ ಬಿಟ್ಟುಕೊಟ್ಟನು. ನೂನಿಜನ ಕಾಲಕ್ಕೆ ಹುಟ್ಟುವಳಿಯು 20,000 ವರಹಗಳಿಗೆ ಏರಿತ್ತು. ತೋಟ ಗದ್ದೆಗಳು ಬೆಳೆದುವು, ನಾಗಲಾಪುರವು, ಎಂದರೆ ಇಂದಿನ ಹೊಸಪೇಟೆಯು, ನೀರನ್ನು ಕಂಡಿತು.

ಹಾಗಾದರೆ ಈ ಕೆರೆಯನ್ನು ಕಟ್ಟಿದವರು ಯಾರು? ಪರದೇಶದವನೆಂದು ಹೇಳಿಬಿಡುವುದು ಸುಲಭ. ಅವನ ಹೆಸರು ಕಾಗದದಲ್ಲಿ ಉಳಿದಿದೆ. ಆದರೆ ಅವನೇ ಅದನ್ನು ಮುಗಿಸಿದನೆಂದು ನೂನಿಜನೂ ಹೇಳುವುದಿಲ್ಲ. ಮಣ್ಣು ಹೊತ್ತ ಸಾವಿರಾರು ಮಂದಿಯ, ತಲೆ ಕೊಟ್ಟ ಅರುವತ್ತು ಮಂದಿಯ ಹೆಸರು ಈ ಬರಹಗಳಲ್ಲಿ ಎಲ್ಲಿಯೂ ಇಲ್ಲ.

ರಾಯಚೂರನ್ನು ಗೆದ್ದ ಚಕ್ರವರ್ತಿಯು ಒಬ್ಬ ಕಲ್ಲುಕುಟಿಗನನ್ನು ಪಡೆಯಲು ಗೋವೆಯ ಅಧಿಕಾರಿಯನ್ನು ಕೇಳಿಕೊಳ್ಳಬೇಕಾಯಿತು. ತನ್ನದೇ ನಾಡಿನಲ್ಲಿ ಅರುವತ್ತು ತಲೆಗಳನ್ನು ತೆಗೆಯಿಸಲು ಯಾರನ್ನೂ ಕೇಳಬೇಕಾಗಲಿಲ್ಲ. ಕುಶಲಿಯ ಹಿಂದೆ ಒಂದು ರಾಜ್ಯವು ನಿಂತಿತ್ತು. ಆಳುಗಳ ಹಿಂದೆ ಯಾರೂ ನಿಂತಿರಲಿಲ್ಲ. ಅಪ್ಪಣೆಯೆಂಬುದು ಯಾರಿಗೆ ಕೇಳುವವರಿದ್ದಾರೋ ಅವರ ವಿಷಯದಲ್ಲಿ ಮಾತ್ರ ಬೇಕಾಗುವ ವಸ್ತು. ಈ ಏರಿಯನ್ನು ನೆನೆಯುವಾಗ ನಮ್ಮ ಸೀಮೆಯವರು ದೆ ಲಾ ಪೋಂತೆಯನ್ನು ನೆನೆಯಲಿ, ತಪ್ಪಿಲ್ಲ. ಅವನೊಡನೆ ಆ ಹೆಸರಿಲ್ಲದವರನ್ನೂ ನೆನೆಯುವುದು ನ್ಯಾಯ.