ಜೇಡರ ಹುಳುವಿನ ಮೇಲಣ ಅಪವಾದ

ರಾತ್ರಿ ಸುಖವಾಗಿ ಮಲಗಿದವರು ಬೆಳಗ್ಗೆ ಎದ್ದು ನೋಡುವಾಗ ತೋಳಿನ ಮೇಲೆ ಕೆಂಪು ಗುಳ್ಳೆಯೊಂದು ಎದ್ದಿರುತ್ತದೆ. ಕಚ್ಚಿದ ಪ್ರಾಣಿಯನ್ನು ಕಂಡವರಿಲ್ಲ. ತಲೆಯೆತ್ತಿದರೆ ಗೋಡೆಯ ಮೂಲೆಯಲ್ಲಿ ಜೇಡರ ಹುಳುವೊಂದು ತನ್ನ ಬಲೆಯೊಳಗೆ ಸುಮ್ಮನೆ ಕುಳಿತಿದೆ. ಅಪರಾಧಿ ಸಿಕ್ಕಿತೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಸಾಕ್ಷಿಯಿಲ್ಲದ ಈ ತೀರ್ಪಿಗೆ ದೀರ್ಘವಾದ ಚರಿತ್ರೆಯುಂಟು. ಅದನ್ನು ಸಂಕ್ಷೇಪವಾಗಿ ಅವಲೋಕಿಸೋಣ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯವನ್ನು ಅಲಕ್ಷಿಸಿದವರಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಜೇಡಗಳಿಗೆ ‘ಲೂತಾ’ ಎಂದು ಹೆಸರಿಟ್ಟು, ಅವುಗಳಲ್ಲಿ 16 ಭೇದಗಳನ್ನು ಹೇಳಿದೆ. ಕೋಪಗೊಂಡ ವಸಿಷ್ಠರ ಬೆವರಹನಿಗಳು ಕೊಯ್ದ ಹುಲ್ಲಿನ ಮೇಲೆ ಬಿದ್ದು ಇವು ಹುಟ್ಟಿದುವೆಂಬ ಕಥೆಯೂ ಅಲ್ಲಿಯೇ ಇದೆ. ಕಥೆ ಹೇಗಾದರೂ ಇರಲಿ, ಜೊತೆಗಿರುವ ಮಾತೊಂದು ಮನನೀಯವಾಗಿದೆ: ಆಗತಾನೆ ಮೊಳೆತ ಕುಡಿಯನ್ನು ಕಂಡು ಅದು ಯಾವ ಮರವೆಂದು ಹೇಳಲಾಗದಂತೆ, ಆರಂಭದಲ್ಲಿ ಲೂತಾವಿಷವನ್ನು ಗುರುತಿಸುವುದು ಕಷ್ಟ.

ಇಟಲಿಯ ದಕ್ಷಿಣದಲ್ಲಿರುವ ಟಾರಾಂಟೋ ಪಟ್ಟಣದ ಸುತ್ತಿನಲ್ಲಿ ಜೇಡದ ವಿಷಕ್ಕೆ ಕುಣಿತವೇ ಮದ್ದೆಂದು ಶತಮಾನಗಳ ಕಾಲ ನಂಬಿದ್ದರು. ಟಾರಾಂಟೆಲ್ಲಾ ಎಂಬ ನೃತ್ಯಕ್ಕೆ ಹೆಸರು ಬಂದುದು ಆ ಊರಿನಿಂದಲೇ. ಅಪವಾದ ಬಿದ್ದುದು ಬಿಲದಲ್ಲಿ ವಾಸಿಸುವ, ಭೀಕರಾಕಾರದ ತೋಳಜೇಡದ ಮೇಲೆ. ಆದರೆ ನಿಜವಾಗಿ ನೋಯಿಸುತ್ತಿದ್ದುದು ಅದೇ ಹೊಲಗಳಲ್ಲಿದ್ದ ಸಣ್ಣ ಕರಿಯ ಜೇಡವಾಗಿರಬೇಕೆಂದು ಈಚಿನ ವಿದ್ವಾಂಸರ ಮತ.

ಆ ಕರಿಯ ಜೇಡದ ಅಮೆರಿಕದ ದಾಯಾದಿಗೆ ‘ಕರಿಯ ವಿಧವೆ’ ಎಂದು ಹೆಸರು. ಹೊಳೆಯುವ ಕಪ್ಪು ಮೈ, ಹೊಟ್ಟೆಯ ಕೆಳಗೆ ಮರಳುಗಡಿಯಾರದ ಆಕಾರದ ಕೆಂಪು ಗುರುತು. ಇವು ಹೆಣ್ಣಿನ ಲಕ್ಷಣ. ಮನುಷ್ಯನಿಗೆ ಅಪಾಯ ತರುವುದು ಹೆಣ್ಣೇ. ಅದರ ವಿಷದಲ್ಲಿ ನಂಬಿಕೆಯಿಲ್ಲದ ವೈದ್ಯರು ಬಹುಮಂದಿ ಇದ್ದರು. ಆದುದರಿಂದ 1922ರಲ್ಲಿ ಅರ್ಕಾನ್ಸಾ ವಿಶ್ವವಿದ್ಯಾನಿಲಯದ ಬೇರ್ಗ್ ಎಂಬ ಕೀಟವಿಜ್ಞಾನಿಯೂ, 1933ರಲ್ಲಿ ಅಲಬಾಮಾದ ವೈದ್ಯಾಚಾರ್ಯ ಬ್ಲೇರ್ ಎಂಬವರೂ ತಮ್ಮ ಬೆರಳನ್ನೇ ಅದರ ಬಾಯಿಗೆ ಒಡ್ಡಿ ಪರೀಕ್ಷಿಸಿಕೊಂಡರು. ಇಬ್ಬರೂ ಆಸ್ಪತ್ರೆ ಸೇರಬೇಕಾಯಿತು. ಕಡಿತ ಸೂಜಿಮೊನೆ ತಾಕಿದಷ್ಟೇ. ಗಾಯ ಕಣ್ಣಿಗೆ ಬೀಳುವುದೇ ಕಷ್ಟ. ತರುವಾಯ ನೋವು ಮೈಗೆಲ್ಲಾ ಹರಡಿ, ಹೊಟ್ಟೆ ಹಲಗೆಯಂತೆ ಬಿಗಿದು, ಬೆವರು ಸುರಿಯುತ್ತದೆ. ಇದನ್ನರಿಯದ ವೈದ್ಯರು ಹೊಟ್ಟೆಯೊಳಗಿನ ರೋಗವೆಂದು ಭ್ರಮಿಸಿ ಶಸ್ತ್ರಚಿಕಿತ್ಸೆಗೆ ಕೈಹಾಕಿದ್ದೂ ಉಂಟು.

ಎರಡನೆಯದು ಕಂದುಬಣ್ಣದ ಏಕಾಂತವಾಸಿ ಜೇಡ. ಅಮೆರಿಕದ ಮಧ್ಯಪ್ರಾಂತ್ಯದಲ್ಲಿ ಮಾಂಸ ಕೊಳೆಯುವ ಕೆಲವು ಹುಣ್ಣುಗಳಿಗೆ ಇದು ಕಾರಣವೆಂದು 1957ರಲ್ಲಿ ತೋರಿಸಿಕೊಟ್ಟರು. ಬೆನ್ನಿನ ಮೇಲೆ ಪಿಟೀಲಿನಂಥ ಗುರುತುಂಟು. ಹೆಚ್ಚಿನ ಜೇಡಗಳಿಗೆ 8 ಕಣ್ಣುಗಳಾದರೆ ಇದಕ್ಕೆ ಜೋಡಿಜೋಡಿಯಾಗಿ 6 ಮಾತ್ರ. ಈ ಶೋಧನೆಯಿಂದ ಉಪಕಾರವಾದಂತೆ ಅಪಕಾರವೂ ಆಯಿತು. ಕಾರಣ ತಿಳಿಯದ ಹುಣ್ಣನ್ನೆಲ್ಲಾ ಇದರ ತಲೆಗೆ ಕಟ್ಟತೊಡಗಿದರು. 2001ರಲ್ಲಿ ಕಾನ್ಸಾಸ್ ಪ್ರಾಂತದ ಒಂದೇ ಮನೆಯಲ್ಲಿ 6 ತಿಂಗಳಲ್ಲಿ ಇಂಥ 2,055 ಜೇಡಗಳು ಸಿಕ್ಕಿದುವು. ಆ ಮನೆಯ ನಾಲ್ವರಲ್ಲಿ ಒಬ್ಬರಿಗೂ ಅವು ಕಚ್ಚಿರಲಿಲ್ಲ! ಅದೇ ವರ್ಷ ನ್ಯೂಯಾರ್ಕಿನಲ್ಲಿ 7 ತಿಂಗಳ ಶಿಶುವಿನ ತೋಳಿನ ಹುಣ್ಣನ್ನು ವೈದ್ಯರು ಮೊದಲು ಈ ಜೇಡದ ಕಡಿತವೆಂದೇ ಶಂಕಿಸಿದರು. ಆ ಜೇಡ ಆ ಸೀಮೆಯದೇ ಅಲ್ಲ. ರೋಗ ಆಂಥ್ರಾಕ್ಸ್ ಎಂದು ಆಮೇಲೆ ತಿಳಿಯಿತು. ಮಗು ಉಳಿದುದು ಪುಣ್ಯ.

ಅಪವಾದದಿಂದ ಕೆಡುವುದು ಜೇಡದ ಹೆಸರಷ್ಟೇ ಅಲ್ಲ, ರೋಗಿಯ ಪ್ರಾಣವೂ ಹೋದೀತೆಂಬುದಕ್ಕೆ ಇದೇ ನಿದರ್ಶನ. ನಮ್ಮ ಮನೆಗಳ ಉದ್ದಕಾಲಿನ ಬಡಕಲು ಜೇಡವೂ, ಜಿರಳೆ ಹಿಡಿಯುವ ಚಪ್ಪಟೆಮೈಯ ದೊಡ್ಡ ಜೇಡವೂ ಮನುಷ್ಯನ ಪ್ರಾಣಕ್ಕೆ ಎರವಾಗುವಂಥವಲ್ಲ. ಕಚ್ಚಿದುದನ್ನು ಕಣ್ಣಾರೆ ಕಂಡಿದ್ದರೆ ಆ ಹುಳುವನ್ನು ಸೀಸೆಯಲ್ಲಿ ಹಿಡಿದು, ಗಾಯವನ್ನು ಸಾಬೂನಿನಿಂದ ತೊಳೆದು, ನೋವು ಹರಡುವುದಾದರೆ ವೈದ್ಯರಲ್ಲಿಗೆ ಹೋಗುವುದು ಯುಕ್ತ. ಕಾಣದಿದ್ದರೆ, ಹುಣ್ಣು ಬೆಳೆಯುತ್ತಿರುವಾಗ ಜೇಡವೆಂದು ಹೇಳಿ ಸುಮ್ಮನಿರದೆ, ಬೇರೆ ಕಾರಣವನ್ನು ಹುಡುಕಿಸಬೇಕು. ಕುಡಿಯನ್ನು ಕಂಡೊಡನೆ ಮರದ ಹೆಸರು ಹೇಳಬಾರದೆಂಬ ಸುಶ್ರುತನ ಎಚ್ಚರಿಕೆ ಇಂದಿಗೂ ಹಳೆಯದಾಗಿಲ್ಲ.