ಅಧ್ಯಕ್ಷ

ಊರಿನ ಸಭೆಯಲ್ಲಿ ಹಾರ ಹಾಕಿಸಿಕೊಂಡು, ಉಳಿದವರ ಭಾಷಣಗಳೆಲ್ಲ ಮುಗಿದು ಜನ ಚಾಪೆ ಕೊಡವಿಕೊಂಡು ಏಳುವ ವೇಳೆಗೆ ತಾನು ಮಾತನಾಡಲು ನಿಲ್ಲುವ ಮಹನೀಯನಿಗೂ, ಶ್ವೇತಭವನದಲ್ಲಿ ಕುಳಿತು ಸೇನಾಸಮೂಹಗಳಿಗೆ ಅಪ್ಪಣೆ ಕೊಡುವ ಅಮೆರಿಕದ ಮುಖ್ಯಾಧಿಕಾರಿಗೂ ಕನ್ನಡದಲ್ಲಿ ಹೆಸರು ಒಂದೇ.

ಪದವನ್ನು ಬಿಡಿಸಿದರೆ ‘ಅಧಿ’ ಎಂದರೆ ಮೇಲೆ, ‘ಅಕ್ಷ’ ಎಂದರೆ ಕಣ್ಣು. ಕಾರ್ಯದ ಮೇಲೆ ಕಣ್ಣಿಟ್ಟವನೇ ಹೊರತು ಅದರ ಒಡೆಯನಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಧ್ಯಕ್ಷಪ್ರಚಾರ’ವೆಂಬ ಅಧಿಕರಣವೇ ಉಂಟು, ಅಲ್ಲಿ ಬೇಸಾಯವನ್ನು ನೋಡುವ ಸೀತಾಧ್ಯಕ್ಷ, ನೂಲನ್ನು ನೋಡುವ ಸೂತ್ರಾಧ್ಯಕ್ಷ, ಹೆಂಡವನ್ನು ನೋಡುವ ಸುರಾಧ್ಯಕ್ಷ ಮೊದಲಾದವರೆಲ್ಲರೂ ಕಾಲಕಾಲಕ್ಕೆ ಲೆಕ್ಕ ಒಪ್ಪಿಸಬೇಕಾದ, ತಪ್ಪಿದರೆ ದಂಡ ತೆರಬೇಕಾದ ನೌಕರರು. ‘ಪತಿ’ಯೆಂಬ ದೊಡ್ಡ ಪದವನ್ನು ಹೊತ್ತ ನಮ್ಮ ರಾಷ್ಟ್ರಪತಿಯಾದರೋ ಸಂವಿಧಾನದ 74ನೆಯ ವಿಧಿಯಂತೆ ಮಂತ್ರಿಮಂಡಲದ ಸಲಹೆಗೆ ಬದ್ಧರು.

ಇಂಗ್ಲಿಷಿನ ‘ಪ್ರೆಸಿಡೆಂಟ್’ ಪದಕ್ಕೂ ಲ್ಯಾಟಿನ್ ಮೂಲದಲ್ಲಿ ಮುಂದೆ ಕುಳಿತವನೆಂಬಷ್ಟೇ ಅರ್ಥ. 1789ರಲ್ಲಿ ಅಮೆರಿಕದ ಸೆನೆಟ್ಟಿನ ಸಮಿತಿಯೊಂದು ಅದರ ಹಿಂದೆ ಮುಂದೆ ರಾಜೋಚಿತವಾದ ಬಿರುದುಗಳನ್ನು ಪೋಣಿಸಲು ಹೊರಟಾಗ ಪ್ರತಿನಿಧಿಸಭೆ ಒಪ್ಪದೆ ಹೋದುದರಿಂದ ಬರಿಯ ಪದವೇ ಉಳಿಯಿತು.

ಅಮೆರಿಕದ ಸಂವಿಧಾನವನ್ನು ಪಾಠಮಾಡುವಾಗ, ಅಧ್ಯಕ್ಷನು ಏನೇನು ಮಾಡಬಲ್ಲನೆಂದು ಕೇಳಿದರೆ, “ಏನು ಬೇಕಾದರೂ ಮಾಡಬಹುದು, ಸಾರ್” ಎಂಬ ಉತ್ತರ ಹಿಂದಿನ ಬೆಂಚಿನಿಂದ ತಪ್ಪದೆ ಬರುತ್ತಿತ್ತು. ಆಗ ನಾನು ಕರಿಹಲಗೆಯ ಮೇಲೆ 1952 ಎಂದು ಬರೆಯುತ್ತಿದ್ದೆನು. ಕೊರಿಯಾದಲ್ಲಿ ಯುದ್ಧ ನಡೆದಿರಲು, ಮುಷ್ಕರದಿಂದ ಉಕ್ಕಿನ ತಯಾರಿಕೆ ನಿಂತರೆ ಸೈನ್ಯಕ್ಕೆ ಅಪಾಯವೆಂದು ಬಗೆದು, ಅಧ್ಯಕ್ಷ ಟ್ರೂಮನ್ನರು ಏಪ್ರಿಲ್ 8ರಂದು ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಶಾಸನ ಮಾಡುವುದು ಕಾಂಗ್ರೆಸ್ಸಿನ ಕೆಲಸವೇ ಹೊರತು ಅಧ್ಯಕ್ಷನದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಜೂನ್ 2ರಂದು ಆರಕ್ಕೆ ಮೂರರ ಬಹುಮತದಿಂದ ತೀರ್ಪಿತ್ತಿತು. ಆ ಆರು ಮಂದಿಯಲ್ಲಿ ಇಬ್ಬರು ಟ್ರೂಮನ್ನರೇ ನೇಮಿಸಿದ್ದ ನ್ಯಾಯಾಧೀಶರೆಂದಾಗ ತರಗತಿ ನಿಶ್ಶಬ್ದವಾಗುತ್ತಿತ್ತು.

“ಆಮೇಲೆ ಅವರೇನು ಮಾಡಿದರು, ಸಾರ್?”

“ಅದೇ ದಿನ ಕಾರ್ಖಾನೆಗಳನ್ನು ಒಡೆಯರಿಗೆ ಹಿಂದಿರುಗಿಸಲು ಆಜ್ಞೆಮಾಡಿದರು.”

ಈ ಉತ್ತರವನ್ನು ಹುಡುಗರು ನಂಬಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ದಂಡು, ನೌಕಾಬಲಗಳ ದಂಡನಾಯಕನು ಒಂಬತ್ತು ಮಂದಿ ವೃದ್ಧರ ಕಾಗದವೊಂದಕ್ಕೆ ತಲೆಬಾಗುವುದು ಅವರಿಗೆ ಸೋಲಾಗಿ ಕಾಣುತ್ತಿತ್ತು. ಅಧ್ಯಾಪಕಮಿತ್ರರಲ್ಲಿ ನನ್ನದೊಂದು ಬಿನ್ನಹ: ಅಧ್ಯಕ್ಷನ ಅಧಿಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕೆ ಮೊದಲು ಆ ಪದವನ್ನೊಮ್ಮೆ ಹಲಗೆಯ ಮೇಲೆ ಬಿಡಿಸಿ ಬರೆಯಿರಿ.